ಕಾಫಿ ಅಂಗಡಿಯ ದರಪಟ್ಟಿ: ಬೀಜ ನಮ್ಮ ತೋಟದ್ದೇ ಆದರೆ ಲೋಟಕ್ಕೆ ಎಷ್ಟು ಇಡಬೇಕು?

ಗಿರಿಸಾಲು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ಹೋಗುವ ರಸ್ತೆಯಲ್ಲಿ ಚಿಕ್ಕದೊಂದು ಕಾಫಿ ಅಂಗಡಿ ತೆರೆಯುವ ಸಿದ್ಧತೆಯಲ್ಲಿದ್ದೇನೆ. ಬಾಡಿಗೆ, ಇಬ್ಬರ ಸಂಬಳ, ಗ್ಯಾಸು, ಕರೆಂಟು ಎಲ್ಲ ಸೇರಿ ತಿಂಗಳಿಗೆ 60,000 ರೂಪಾಯಿ ಆಗುತ್ತದೆಂದು ಅಂದಾಜು ಮಾಡಿದ್ದೇನೆ. ಕಾಫಿ ನಮ್ಮ ಮನೆಯ ತೋಟದ್ದೇ ಆದ್ದರಿಂದ ಬೀಜದ ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಾಮಗ್ರಿಯ ಖರ್ಚು ಮಾರಾಟ ದರದ ಶೇ. 30ನ್ನು ಮೀರಬಾರದು ಎಂಬ ಸೂತ್ರವನ್ನು ಹಲವರು ಹೇಳುತ್ತಾರೆ. ಅದನ್ನು ಫಿಲ್ಟರ್ ಕಾಫಿಗೂ ಕ್ಯಾಪುಚಿನೊಗೂ ಕೋಲ್ಡ್ ಕಾಫಿಗೂ ಒಂದೇ ರೀತಿ ಅನ್ವಯಿಸಬಹುದೇ? ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವವರ ದಟ್ಟಣೆ ಇರುವಾಗ ಬೇರೆ ದರ ಇಡುವುದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ತೋಟದ ಲೆಕ್ಕಿಗ, ಮೂಡಿಗೆರೆ

ಮೇಡಂ, ಮೊದಲು ಬೀಜದ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಮನೆಯ ಬೀಜಕ್ಕೆ ಬೆಲೆ ಇಲ್ಲವೆಂದು ಹಿಡಿದರೆ ಉಳಿದ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನೀವು ಅಂಗಡಿಗೆ ಒಯ್ಯುವ ಪ್ರತಿ ಚೀಲವೂ ವರ್ತಕರಿಗೆ ಮಾರಬಹುದಾಗಿದ್ದ ಚೀಲವೇ. ಆದ್ದರಿಂದ ಅಂಗಡಿಯು ತೋಟದಿಂದ ಆ ದಿನದ ಮಾರುಕಟ್ಟೆ ದರಕ್ಕೆ ಕೊಂಡಿತು ಎಂದೇ ಪುಸ್ತಕದಲ್ಲಿ ಬರೆಯಿರಿ. ಹಾಗೆ ಬರೆಯದಿದ್ದರೆ ಅಂಗಡಿ ನಷ್ಟದಲ್ಲಿದ್ದರೂ ತೋಟದ ಆದಾಯ ಅದನ್ನು ಮುಚ್ಚಿಹಾಕುತ್ತದೆ.

ಲೆಕ್ಕ ಹೀಗೆ ಬರುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರುವ ಬೀಜ) 50 ಕೆ.ಜಿ.ಯ ಚೀಲಕ್ಕೆ 24,000 ರೂಪಾಯಿ ಎಂದು ಉದಾಹರಣೆಗೆ ಹಿಡಿಯಿರಿ. ಕ್ಯೂರಿಂಗ್, ಅಂದರೆ ಆ ಹೊಟ್ಟು ತೆಗೆದು ಹಸನು ಮಾಡುವ ಕೆಲಸ, ಆದ ಮೇಲೆ ಔಟ್‌ಟರ್ನ್ (ಉಳಿಯುವ ಬೀಜದ ತೂಕ) ಸುಮಾರು 40 ಕೆ.ಜಿ. ಬರುತ್ತದೆ, ಹುರಿಯುವಾಗ ತೇವ ಹೋಗಿ ತೂಕ ಇನ್ನೂ ಶೇ. 16ರಷ್ಟು ಇಳಿದರೆ ಕೈಗೆ ಸಿಗುವುದು 33.6 ಕೆ.ಜಿ. ಮಾತ್ರ. ಅಲ್ಲಿಗೆ ಹುರಿದ ಬೀಜ ಕೆ.ಜಿ.ಗೆ 714 ರೂಪಾಯಿ ಆಯಿತು, ಕ್ಯೂರಿಂಗ್ ಮತ್ತು ಹುರಿಯುವ ಕೂಲಿ ಸೇರಿದರೆ 765ರ ಆಸುಪಾಸು. ಒಂದು ಕ್ಯಾಪುಚಿನೊಗೆ ಬೇಕಾದ ಎರಡು ಶಾಟಿಗೆ (ಯಂತ್ರದಲ್ಲಿ ಇಳಿಸುವ ಗಟ್ಟಿ ಕಾಫಿಯ ಅಳತೆ) 18 ಗ್ರಾಂ ಹಾಕುವುದಾದರೆ ಬೀಜಕ್ಕೇ 14 ರೂಪಾಯಿ.

ಇನ್ನು ಶೇ. 30ರ ಸೂತ್ರ. ಹಾಲು ಲೀಟರಿಗೆ 50 ರೂಪಾಯಿ ಎಂದು ಹಿಡಿದರೆ, 10 ಗ್ರಾಂ ಚಿಕೋರಿ ಬೆರೆತ ಪುಡಿ, 100 ಮಿ.ಲೀ. ಹಾಲು, ಸಕ್ಕರೆ ಸೇರಿ ಒಂದು ಲೋಟ ಫಿಲ್ಟರ್ ಕಾಫಿಯ ಅಸಲು ಸುಮಾರು 12.50 ರೂಪಾಯಿ. ಕ್ಯಾಪುಚಿನೊಗೆ ಬೀಜ 14, ಹಾಲು 7.50, ಪೋಲು 3.50 ಸೇರಿ 25 ರೂಪಾಯಿ. ಈ ಪೋಲನ್ನು ದಯವಿಟ್ಟು ಬಿಡಬೇಡಿ. ನಮ್ಮ ಮಳೆಗಾಲದಲ್ಲಿ ಗಾಳಿಯ ತೇವ ಏರಿಳಿದಂತೆ ಗ್ರೈಂಡರಿನ ಹದ ತಪ್ಪುತ್ತದೆ. ಬೆಳಿಗ್ಗೆ ಹದ ಕೂಡುವವರೆಗೆ ತೆಗೆದ ಮೂರು ನಾಲ್ಕು ಶಾಟುಗಳು ನೇರವಾಗಿ ಮೋರಿಗೆ ಹೋಗುತ್ತವೆ. ಜಗ್ಗಿನ ತಳದಲ್ಲಿ ಪ್ರತಿ ಸಲವೂ ಎರಡು ಗುಟುಕು ಹಾಲು ಉಳಿಯುತ್ತದೆ, ಅದನ್ನು ಮತ್ತೆ ಕಾಯಿಸಿದರೆ ನೊರೆ ಸರಿಯಾಗಿ ಬರುವುದಿಲ್ಲ. ಐಸ್‌ಕ್ರೀಮು ಹಾಕಿದ ಕೋಲ್ಡ್ ಕಾಫಿಯ ಅಸಲು 45 ಆಗಬಹುದು.

ಸೂತ್ರದಂತೆ ಹೋದರೆ ಫಿಲ್ಟರ್ ಕಾಫಿಗೆ 42, ಕ್ಯಾಪುಚಿನೊಗೆ 83, ಕೋಲ್ಡ್ ಕಾಫಿಗೆ 150 ರೂಪಾಯಿ ಇಡಬೇಕಾಗುತ್ತದೆ. ನಮ್ಮ ಊರಿನಲ್ಲಿ ಮೊದಲನೆಯದು ಹೆಚ್ಚಾಯಿತು, ಎರಡನೆಯದು ಕಡಿಮೆಯಾಯಿತು. ಬಾಡಿಗೆ ಕಟ್ಟುವುದು ಶೇಕಡಾವಾರಿನಿಂದಲ್ಲ, ಲೋಟಕ್ಕೆ ಉಳಿಯುವ ರೂಪಾಯಿಯಿಂದ. ಫಿಲ್ಟರ್ ಕಾಫಿ 30ಕ್ಕೆ ಮಾರಿದರೆ 17.50 ಉಳಿಯುತ್ತದೆ, ಕ್ಯಾಪುಚಿನೊ 110ಕ್ಕೆ ಮಾರಿದರೆ 85 ಉಳಿಯುತ್ತದೆ. ನಿಮ್ಮ ಖರ್ಚು ದಿನಕ್ಕೆ 2,000 ರೂಪಾಯಿ. 40 ಲೋಟ ಫಿಲ್ಟರ್ ಕಾಫಿಯಿಂದ 700 ಬಂದರೆ, ಉಳಿದದ್ದಕ್ಕೆ 16 ಕ್ಯಾಪುಚಿನೊ ಹೋಗಲೇಬೇಕು. ವಾರದ ನಡುವಿನ ಮಂಗಳವಾರ ಅಷ್ಟು ಹೋಗುತ್ತದೆಯೇ ಎಂಬುದನ್ನು ಯೋಚಿಸಿ. ಅಂದಹಾಗೆ, ಆ 60,000ದಲ್ಲಿ ನಿಮ್ಮ ಸ್ವಂತ ಸಂಬಳ ಕಾಣಲಿಲ್ಲ.

ಹಳೇ ಹೋಟೆಲಿಗ, ಹಾಸನ

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಫಿಲ್ಟರ್ ಕಾಫಿಯ ದರವನ್ನು ಅಸಲಿನಿಂದ ನಿರ್ಧರಿಸುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಊರಿನವರ ಬಾಯಲ್ಲಿ ನಿಮ್ಮ ಅಂಗಡಿಯ ಒಂದೇ ಒಂದು ದರ ಓಡಾಡುತ್ತದೆ, ಅದು ಫಿಲ್ಟರ್ ಕಾಫಿಯದು. ಅದನ್ನು ಕೇಳಿಯೇ ಅವರು ನಿಮ್ಮದು ದುಬಾರಿಯೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ. ಕ್ಯಾಪುಚಿನೊ ನೂರೋ ನೂರಿಪ್ಪತ್ತೋ ಎಂಬುದು ಅವರಿಗೆ ಬೇಕಾಗಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ನೂರು ಮಿ.ಲೀ. ಹಾಕುವ ಲೋಟಕ್ಕೆ ಅದು 40 ಪೈಸೆ ಮಾತ್ರ, ಆದರೂ ಅದನ್ನೇ ನೆಪ ಮಾಡಿಕೊಂಡು ಲೋಟಕ್ಕೆ ಐದು ರೂಪಾಯಿ ಏರಿಸಿದ ಹೋಟೆಲುಗಳನ್ನು ಗಿರಾಕಿಗಳು ಇನ್ನೂ ಆಡಿಕೊಳ್ಳುತ್ತಾರೆ. ಏರಿಸಲೇಬೇಕಾದಾಗ ಕೋಲ್ಡ್ ಕಾಫಿ, ಮೋಕಾಗಳ ಕಡೆ ಏರಿಸಿ.

ಬೈ-ಟೂ ಕೇಳುವವರು ಖಂಡಿತ ಬರುತ್ತಾರೆ. 30 ರೂಪಾಯಿಯ ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡುವುದರಿಂದ ತೊಳೆಯುವ ಲೋಟ ಒಂದು ಹೆಚ್ಚಾಗುತ್ತದೆಯೇ ಹೊರತು ಬೇರೆ ನಷ್ಟವಿಲ್ಲ. ಅದಕ್ಕೆ ಮುಖ ಗಂಟಿಕ್ಕಬೇಡಿ.

ವಾರಾಂತ್ಯಕ್ಕೆ ಬೇರೆ ದರ ಬೇಡವೇ ಬೇಡ. ಶುಕ್ರವಾರ 110 ಕೊಟ್ಟ ಊರಿನ ಹುಡುಗ ಭಾನುವಾರ ನೆಂಟರನ್ನು ಕರೆತಂದು 140 ಕೊಡಬೇಕಾಗಿ ಬಂದರೆ ಅವನಿಗೆ ಅವಮಾನವಾಗುತ್ತದೆ. ಅದಕ್ಕಿಂತ ಆ ಎರಡು ದಿನ ಪಟ್ಟಿಯನ್ನೇ ಚಿಕ್ಕದು ಮಾಡಿ. ದಟ್ಟಣೆಯಲ್ಲಿ ಒಂದು ಮೋಕಾ ಮಾಡುವ ಹೊತ್ತಿಗೆ ಫಿಲ್ಟರ್ ಕಾಫಿ ಐದಾರು ಲೋಟ ಹೋಗಿರುತ್ತದೆ, ಆ ಹೊತ್ತಿಗೂ ಬೆಲೆ ಇದೆ.

ತೆರಿಗೆ ಸಲಹೆಗಾರ, ಚಿಕ್ಕಮಗಳೂರು

ಇಬ್ಬರೂ ಜಿಎಸ್‌ಟಿಯನ್ನು ಬಿಟ್ಟಿದ್ದಾರೆ. ಮೇಲಿನ ಲೆಕ್ಕದ 40 ಫಿಲ್ಟರ್ ಕಾಫಿ ಮತ್ತು 16 ಕ್ಯಾಪುಚಿನೊ ಎಂದರೆ ದಿನಕ್ಕೆ 2,960 ರೂಪಾಯಿ, ವರ್ಷಕ್ಕೆ ಹತ್ತೂವರೆ ಲಕ್ಷ ದಾಟುತ್ತದೆ. ಹೋಟೆಲ್ ಸೇವೆಗೆ ನೋಂದಣಿ ಕಡ್ಡಾಯವಾಗುವುದು ವಹಿವಾಟು 20 ಲಕ್ಷ ಮೀರಿದಾಗ. ಅಲ್ಲಿಯವರೆಗೆ ನೀವು ಗಿರಾಕಿಯಿಂದ ತೆರಿಗೆ ಎಂದು ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಪ್ರವಾಸಿಗರು ಹೆಚ್ಚಿದರೆ ಆ ಗಡಿ ಬೇಗ ಬರುತ್ತದೆ. ಯುಪಿಐ ಜಮೆಯ ಆಧಾರದ ಮೇಲೆ 2025ರ ಜುಲೈಯಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದದ್ದು ಎಲ್ಲರಿಗೂ ನೆನಪಿರಬೇಕು.

ನೋಂದಣಿಯಾದ ಮೇಲೆ ಸಾಮಾನ್ಯ ರೆಸ್ಟೋರೆಂಟಿಗೆ ದರ ಶೇ. 5, ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುವುದಿಲ್ಲ. ಅಂದರೆ ಯಂತ್ರ, ಪೇಪರ್ ಕಪ್ಪು, ಮುಚ್ಚಳಗಳಿಗೆ ಕೊಟ್ಟ ತೆರಿಗೆಯೆಲ್ಲ ನಿಮ್ಮ ಖರ್ಚೇ. ಆದ್ದರಿಂದ ಈಗಲೇ ತೆರಿಗೆಯನ್ನು ಒಳಗಿಟ್ಟುಕೊಂಡು ದರ ಬರೆಯುವುದು ಕ್ಷೇಮ. ಆಗ 110ರಲ್ಲಿ ನಿಮ್ಮ ಪಾಲು 104.76, 30ರಲ್ಲಿ 28.57. ಆ ದಿನದ ಖರ್ಚು ಹುಟ್ಟಲು 16 ಕ್ಯಾಪುಚಿನೊ ಸಾಲದು, 18 ಬೇಕಾಗುತ್ತದೆ.

ಗಿರಿಸಾಲು, ಚಿಕ್ಕಮಗಳೂರು

ಮೂವರಿಗೂ ಧನ್ಯವಾದಗಳು. ಫಿಲ್ಟರ್ ಕಾಫಿ 30, ಕ್ಯಾಪುಚಿನೊ 120, ಕೋಲ್ಡ್ ಕಾಫಿ 160, ತೆರಿಗೆ ಒಳಗೊಂಡು, ವಾರದ ಎಲ್ಲ ದಿನವೂ ಒಂದೇ ದರ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಚೀಲದ ದರವನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬದಲಿಸಬೇಕೇ, ಅಥವಾ ಕೊಯ್ಲಿನ ಸಮಯದ ದರವನ್ನೇ ವರ್ಷವಿಡೀ ಇಟ್ಟುಕೊಳ್ಳಬಹುದೇ?

ತೋಟದ ಲೆಕ್ಕಿಗ, ಮೂಡಿಗೆರೆ

ಚೀಲ ಅಂಗಡಿಗೆ ಬಂದ ದಿನದ ದರವನ್ನೇ ಬರೆಯಿರಿ. ಪುಸ್ತಕದ ಅಸಲು ಏರಿದ ಮಾತ್ರಕ್ಕೆ ಗೋಡೆಯ ಮೇಲಿನ ದರ ಏರಿಸಬೇಕಾಗಿಲ್ಲ. ಚೀಲಕ್ಕೆ 3,000 ಏರಿದರೂ ಕ್ಯಾಪುಚಿನೊದ ಅಸಲು ಏರುವುದು 1.60 ರೂಪಾಯಿಯಷ್ಟೇ.