ಹಬ್ಬದ ಬ್ಲೌಸ್ ರಾಶಿ: ದಿನಕ್ಕೆ ನಾಲ್ಕು ದಾಟುತ್ತಿಲ್ಲ, ಹೊತ್ತು ಎಲ್ಲಿ ಸೋರುತ್ತಿದೆ?

ಗುಂಡಿ_ಕಾಜಾ:
ಒಬ್ಬಳೇ ಹೊಲಿಯುವ ಅಂಗಡಿ. ಮೋಟಾರ್ ಹಾಕಿದ ಒಂದು ಮಷಿನ್, ಒಂದು ಇಸ್ತ್ರಿ ಪೆಟ್ಟಿಗೆ. ಹುಕ್ಕು, ಹೆಮ್ಮಿಂಗ್‌ಗೆ ಒಬ್ಬ ಹುಡುಗಿ ಮಧ್ಯಾಹ್ನ 2ಕ್ಕೆ ಬರುತ್ತಾಳೆ. ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಕೂತರೂ ಲೈನಿಂಗ್ ಬ್ಲೌಸ್ ನಾಲ್ಕಕ್ಕೆ ನಿಲ್ಲುತ್ತದೆ. ಒಂದನ್ನು ಕಟಿಂಗ್‌ನಿಂದ ಹುಕ್ಕಿನವರೆಗೆ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕುವುದು ರೂಢಿ. ವರಮಹಾಲಕ್ಷ್ಮಿ, ಗೌರಿ ಹಬ್ಬ ಒಂದರ ಹಿಂದೆ ಒಂದು ಬರುತ್ತವೆ. ಇನ್ನೊಂದು ಮಷಿನ್ ತಗೊಳ್ಳದೆ ಆರಕ್ಕೆ ಏರಿಸಲು ಏನು ಮಾಡಬೇಕು?

ಕತ್ತರಿ_ಮೇಷ್ಟ್ರು:
ಮೇಡಂ, ಮೊದಲು ಎರಡು ದಿನ ಮಷಿನ್ ಪಕ್ಕ ಒಂದು ಚೀಟಿ ಇಡಿ. ಎದ್ದಾಗಲೆಲ್ಲ ಗಂಟೆ, ಕಾರಣ ಬರೆಯಿರಿ: ದಾರ ಬದಲು, ಬಾಬಿನ್ (ಕೆಳದಾರ ಸುತ್ತುವ ಉರುಳೆ), ಇಸ್ತ್ರಿ, ಗಿರಾಕಿ, ಫೋನ್. ಹೊಲಿಗೆಗಿಂತ ಈ ಏಳುವುದು ಕೂರುವುದರಲ್ಲೇ ದಿನ ಕಳೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಆಮೇಲೆ ಕೆಲಸ ಬೇರ್ಪಡಿಸಿ. ನಾಳೆಯ ಕಟಿಂಗ್ ಎಲ್ಲಾ ಹಿಂದಿನ ಸಂಜೆಯೇ ಆಗಲಿ. ಒಂದು ಬ್ಲೌಸ್‌ನ ಮುಂಭಾಗ, ಬೆನ್ನು, ತೋಳು, ಬೆಲ್ಟ್, ಪಟ್ಟಿ, ಲೈನಿಂಗ್, ಹೊಂದುವ ದಾರ, ಅಳತೆ ಚೀಟಿ ಎಲ್ಲವೂ ಒಂದೇ ಕವರಿನಲ್ಲಿ. ಬೆಳಿಗ್ಗೆ ಕವರುಗಳನ್ನು ದಾರದ ಬಣ್ಣದ ಪ್ರಕಾರ ಜೋಡಿಸಿ, ಬಣ್ಣಕ್ಕೆ ಎರಡು ಬಾಬಿನ್ ಮೊದಲೇ ಸುತ್ತಿಡಿ. ಅದೇ ಬಣ್ಣದ ಬ್ಲೌಸ್‌ಗಳ ಲೈನಿಂಗ್ ಕೂಡಿಸುವುದು, ಟಕ್ಸ್ (ಮೈಗೆ ಕೂರಲು ಹಾಕುವ ಮಡಿಕೆ) ಹಿಡಿಯುವುದು ಸಾಲಾಗಿ ಮಾಡಿ. ಒಂದು ತುಂಡು ಮುಗಿದಾಗ ದಾರ ಕತ್ತರಿಸದೆ ಒಂದಿಂಚು ಬಿಟ್ಟು ಮುಂದಿನ ತುಂಡನ್ನು ಮಷಿನ್ ಪಾದದ ಕೆಳಗೆ ತಳ್ಳಿ. ಕೊನೆಗೆ ತೋರಣದ ಹಾಗೆ ಹೊರಬರುತ್ತದೆ, ಒಟ್ಟಿಗೆ ಕತ್ತರಿಸಿಕೊಳ್ಳಿ. ಟಕ್ಸ್ ತುದಿಯಲ್ಲಿ ಮಾತ್ರ ಗಂಟಿಗಾಗುವಷ್ಟು ದಾರ ಉಳಿಯಲಿ.

ಹುಡುಗಿ ಬರುವ ಹೊತ್ತಿಗೆ ಕೈಕೆಲಸ ಸಿದ್ಧವಿರಬೇಕು, ನಿಮ್ಮ ಮುಖ್ಯ ಸೋರಿಕೆ ಇಲ್ಲೇ. ಭುಜ ಕೂಡಿಸಿ, ಕುತ್ತಿಗೆ ಪಟ್ಟಿ, ಹುಕ್ಕಿನ ಪಟ್ಟಿ ಹಾಕಿ, ತೋಳು ಮತ್ತು ಪಕ್ಕದ ಹೊಲಿಗೆ ಬಾಕಿಯಿಟ್ಟೇ ಅವಳ ಕೈಗೆ ಕೊಡಿ. ಬ್ಲೌಸ್ ಹರಡಿಕೊಂಡಿರುವಾಗ ಕುತ್ತಿಗೆ ಹೆಮ್ಮಿಂಗ್ ಬೇಗ ಆಗುತ್ತದೆ. ಅಷ್ಟರಲ್ಲಿ ನೀವು ಮುಂದಿನವುಗಳ ತೋಳಿಗೆ ಲೈನಿಂಗ್ ಹಾಕಬಹುದು.

ಲೈನಿಂಗ್_ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಆರನ್ನೂ ಒಟ್ಟಿಗೆ ಬಿಚ್ಚಿಕೊಂಡು ಕೂರಬೇಡಿ. ಒಂದು ಸಲಕ್ಕೆ ಮೂರು ಸಾಕು. ಹೆಚ್ಚಾದರೆ ಒಂದೇ ಬಣ್ಣದ ತೋಳುಗಳು ಅದಲುಬದಲಾಗುತ್ತವೆ. ತೋಳಿನ ಮುಂದಿನ ಬದಿಗೆ ಒಂದು ಸಣ್ಣ ಕಚ್ಚು, ಒಳಗಡೆ ಚಾಕ್‌ನಲ್ಲಿ 'ಎಡ', 'ಬಲ' ಎಂದು ಗುರುತು ಇರಲಿ.

ಇನ್ನೊಂದು ಮಾತು, ಬಿಚ್ಚಿ ಹೊಲಿಯುವಷ್ಟು ಹೊತ್ತು ತಿನ್ನುವ ಕೆಲಸ ಬೇರೆ ಇಲ್ಲ. ಕಾಟನ್ ಲೈನಿಂಗ್ ನೆನೆಸದೆ ಹಾಕಿದರೆ ಮೊದಲ ಒಗೆತಕ್ಕೇ ಕುಗ್ಗಿ, ಮೇಲಿನ ಬಟ್ಟೆ ಉಬ್ಬುತ್ತದೆ, ಬ್ಲೌಸ್ ವಾಪಸ್ ಬರುತ್ತದೆ. ವಾರಕ್ಕೆ ಬೇಕಾದಷ್ಟು ಲೈನಿಂಗ್ ರಾತ್ರಿ ನೀರಲ್ಲಿ ಹಾಕಿ, ಬೆಳಿಗ್ಗೆ ಹಿಂಡದೆ ನೆರಳಲ್ಲಿ ಒಣಹಾಕಿ, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿಡಿ. ಗಾಢ ಬಣ್ಣದ್ದನ್ನು ಬೇರೆ ಬಕೆಟ್‌ನಲ್ಲಿ ನೆನೆಸಿ.

ಸೂಜಿಗೆ ಜಿಪುಣತನ ಬೇಡ. ಲೈನಿಂಗ್ ಇರುವ ಕಾಟನ್‌ಗೆ 14 ನಂಬರ್ ಸೂಜಿ, ತೆಳು ರೇಷ್ಮೆಗೆ 11. ಮೊಂಡು ಸೂಜಿ ರೇಷ್ಮೆಯ ಎಳೆ ಎಳೆಯುತ್ತದೆ, ಹೊಲಿಗೆ ಹಾರಿಸುತ್ತದೆ. ಹಬ್ಬದ ಓಟದಲ್ಲಿ ದಿನಕ್ಕೊಂದು ಬದಲಿಸಿದರೂ ನಷ್ಟವಿಲ್ಲ. ಮಷಿನ್‌ಗೆ ಎಣ್ಣೆಯನ್ನು ರಾತ್ರಿಯೇ ಬಿಟ್ಟು, ಬೆಳಿಗ್ಗೆ ಚಿಂದಿ ಮೇಲೆ ಓಡಿಸಿಯೇ ಗಿರಾಕಿ ಬಟ್ಟೆಗೆ ಬನ್ನಿ.

ಗುಂಡಿ_ಕಾಜಾ:
ಧನ್ಯವಾದ ಅಕ್ಕ, ಮೇಷ್ಟ್ರೇ. ಮಧ್ಯೆ ಮಧ್ಯೆ ಗಿರಾಕಿಗಳು ಬಂದರೆ? ಏಳದೆ ಇರಲಾಗದು.

ಕತ್ತರಿ_ಮೇಷ್ಟ್ರು:
ಅಳತೆಗೆ, ಕೊಡು-ತಗೊಳ್ಳುವುದಕ್ಕೆ ಬೆಳಿಗ್ಗೆ 11ರಿಂದ 12, ಸಂಜೆ 5ರಿಂದ 7 ಎಂದು ಬಾಗಿಲಲ್ಲಿ ಬರೆದು ಹಾಕಿ. ವಾರ ಕಳೆದರೆ ರೂಢಿಯಾಗುತ್ತದೆ. ಸಂಜೆಯ ಆ ಹೊತ್ತಲ್ಲಿ ಮಷಿನ್‌ಗಿಂತ ಕಟಿಂಗ್ ಇಟ್ಟುಕೊಳ್ಳಿ, ನಡುವೆ ಬಿಟ್ಟರೂ ನಷ್ಟ ಕಡಿಮೆ.

ಅಳತೆ ಬ್ಲೌಸ್ ತಂದವರನ್ನು "ಇದು ಸರಿಯಾಗಿ ಕೂರುತ್ತಾ? ಎಲ್ಲಿ ಬಿಗಿ, ಎಲ್ಲಿ ಸಡಿಲ?" ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಮುಂದಿನ-ಹಿಂದಿನ ಕುತ್ತಿಗೆಯ ಆಳ, ತೋಳಿನ ಉದ್ದ, ಹುಕ್ಕು ಮುಂದೋ ಹಿಂದೋ, ಪ್ಯಾಡ್, ದೋರಿ ಬೇಕೋ ಬೇಡವೋ ಇಷ್ಟೂ ಚೀಟಿಯಲ್ಲಿರಲಿ. ಕತ್ತರಿ ಹಿಡಿದಾಗ ಫೋನ್ ಮಾಡಿ ಕೇಳುವುದೇ ಹೊತ್ತು ಹಾಳು.

ದಿನಕ್ಕೆ ಆರು ಮುಗಿಯುತ್ತದೆ ಅನ್ನಿಸಿದರೂ ಐದಕ್ಕೆ ಮಾತ್ರ ತಾರೀಕು ಕೊಡಿ. ಆರನೆಯ ಜಾಗ ಬಿಗಿ-ಸಡಿಲ ಮಾಡಲು ವಾಪಸ್ ಬರುವವಕ್ಕೆ, ಕರೆಂಟ್ ಹೋದ ದಿನಕ್ಕೆ. ಹಬ್ಬಕ್ಕೆ ಎರಡು ದಿನ ಮುಂಚಿನ ತಾರೀಕೇ ಕೊನೆಯದು ಎಂದು ಈಗಲೇ ಹೇಳಿಬಿಡಿ.