‘ಎಲಿಜಬೆತ್’ ಸಿನಿಮಾದ ಕೊನೆಯಲ್ಲಿ ಅವಳು ಕೂದಲು ಕತ್ತರಿಸಿಕೊಳ್ಳುವುದು ನಿಜವಾಗಿ ನಡೆದದ್ದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನಾರನೇ ಶತಮಾನದ ಇಂಗ್ಲೆಂಡ್ ರಾಣಿ ಮೊದಲನೇ ಎಲಿಜಬೆತ್‌ಳ ಕಥೆಯಾದ ಶೇಖರ್ ಕಪೂರ್ ಅವರ ‘ಎಲಿಜಬೆತ್’ (1998) ನಿನ್ನೆ ರಾತ್ರಿ ಮೊದಲ ಸಲ ನೋಡಿದೆ. ಕೊನೆಯ ಹತ್ತು ನಿಮಿಷ ಇನ್ನೂ ಕಣ್ಣ ಮುಂದೆಯೇ ಇದೆ.

ನೋಡಿದವರಿಗೆ ನೆನಪಿರುತ್ತದೆ. ಶತ್ರುಗಳ ಕಥೆ ಮುಗಿದಿದೆ. ಎಲಿಜಬೆತ್ ಕೂತಿದ್ದಾಳೆ, ಗೆಳತಿ ಕ್ಯಾಟ್ ಅವಳ ಕೂದಲು ಕತ್ತರಿಸುತ್ತಾಳೆ. ಅಷ್ಟು ಚೆಂದದ ಕೆಂಗೂದಲು ಹಿಡಿಹಿಡಿಯಾಗಿ ಉದುರುತ್ತದೆ. ಆಮೇಲೆ ಮುಖಕ್ಕೆಲ್ಲ ಬಿಳಿ ಬಣ್ಣ. ಹಾಗೇ ದರ್ಬಾರಿಗೆ ನಡೆದು ಬಂದು, ನನ್ನ ಮದುವೆ ಇಂಗ್ಲೆಂಡ್ ಜೊತೆ ಆಗಿದೆ ಅನ್ನುತ್ತಾಳೆ. ರಾಣಿಯ ಪಾತ್ರ ಮಾಡಿದ ಕೇಟ್ ಬ್ಲಾಂಚೆಟ್ ಮುಖದಲ್ಲಿ ಆಗ ನಗುವೂ ಇಲ್ಲ, ಅಳುವೂ ಇಲ್ಲ.

ನನ್ನ ಮುತ್ತಜ್ಜಿಗೆ ಗಂಡ ಹೋದ ಮೇಲೆ ತಲೆ ಬೋಳಿಸಿದ್ದರಂತೆ. ಆ ಮಾತು ಬಂದಾಗಲೆಲ್ಲ ಅಜ್ಜಿ ದನಿ ತಗ್ಗಿಸುತ್ತಿದ್ದರು. ಹಾಗಾಗಿ ಹೆಣ್ಣಿನ ಕೂದಲು ನೆಲಕ್ಕೆ ಬೀಳುವುದನ್ನು ನೋಡಿದರೆ ಅವಳಿಂದ ಏನನ್ನೋ ಕಿತ್ತುಕೊಂಡರು ಅಂತಲೇ ನನಗೆ ಅನಿಸುವುದು. ಇಲ್ಲಿ ನೋಡಿದರೆ ಅವಳು ಗೆದ್ದಿದ್ದಾಳೆ. ಆದರೂ ಹೊಟ್ಟೆಯಲ್ಲಿ ಸಂಕಟವಾಯಿತು.

ಇದು ನಿಜವಾಗಿ ನಡೆದದ್ದಾ? ಇನ್ನೊಂದು, ಅವಳು ಪ್ರೀತಿಸಿದ ರಾಬರ್ಟ್ ಡಡ್ಲಿಗೆ ಮೊದಲೇ ಮದುವೆಯಾಗಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲವಾ? ಸಿನಿಮಾದಲ್ಲಿ ಅದು ಗೊತ್ತಾದ ಮೇಲೇ ಅವಳು ಬದಲಾಗುವುದು.

ಉತ್ತರ 1

ಅಕ್ಕ, ಕೂದಲಿನ ದೃಶ್ಯ ಸಿನಿಮಾದವರು ಕಟ್ಟಿದ್ದು. ಡಡ್ಲಿ ವಿಷಯವೂ ಅಷ್ಟೇ. ಅವನು ಏಮಿ ರಾಬ್ಸಾರ್ಟ್‌ಳನ್ನು ಮದುವೆಯಾದದ್ದು 1550ರಲ್ಲಿ, ಎಲ್ಲರ ಎದುರಿಗೆ. ಎಲಿಜಬೆತ್‌ಳ ತಮ್ಮ, ಆಗಿನ ರಾಜ ಆರನೇ ಎಡ್ವರ್ಡ್ ಕೂಡ ಆ ಮದುವೆಗೆ ಬಂದಿದ್ದ. ಅವಳಿಗೆ ಗೊತ್ತಿಲ್ಲದೇ ಇರುತ್ತದಾ? 1560ರಲ್ಲಿ ಏಮಿ ಮೆಟ್ಟಿಲ ಕೆಳಗೆ ಕತ್ತು ಮುರಿದು ಸತ್ತು ಬಿದ್ದಿದ್ದಳು. ಗಂಡನೇ ಕೊಲ್ಲಿಸಿದ ಅಂತ ಊರೆಲ್ಲ ಗುಸುಗುಸು. ಅದಾದ ಮೇಲೆ ಅವನನ್ನು ಮದುವೆಯಾದರೆ ಸಿಂಹಾಸನಕ್ಕೇ ಕುತ್ತು. ಹೆಂಡತಿ ಬದುಕಿದ್ದಾಗ ಇದ್ದ ಅಡ್ಡಿ, ಅವಳು ಸತ್ತ ಮೇಲೆ ಇನ್ನೂ ದೊಡ್ಡದಾಯಿತು.

ಕಾಲವನ್ನೂ ತುಂಬಾ ಕುಗ್ಗಿಸಿದ್ದಾರೆ. ಅವಳ ವಿರುದ್ಧ ಸಂಚು ಮಾಡಿದ ನಾರ್ಫೋಕ್ ಡ್ಯೂಕನ ತಲೆ ಹೋದದ್ದು 1572ರಲ್ಲಿ, ಅವಳು ರಾಣಿಯಾಗಿ 13 ವರ್ಷ ಕಳೆದ ಮೇಲೆ. ಬಿಷಪ್ ಗಾರ್ಡಿನರ್ ಅವಳು ಪಟ್ಟಕ್ಕೆ ಬರುವ ಮೊದಲೇ, 1555ರಲ್ಲೇ ತೀರಿಕೊಂಡಿದ್ದ. ಸಿನಿಮಾದಲ್ಲಿ ಅವನು ಅವಳ ಎದುರಿಗೆ ನಿಂತು ವಾದ ಮಾಡುತ್ತಾನೆ. ಇದೆಲ್ಲ ಸಿನಿಮಾಕ್ಕೆ ಬೇಕಾಗುತ್ತದೆ, ನನಗೆ ತಕರಾರಿಲ್ಲ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಏನೂ ತಿಳಿಯದ ಹುಡುಗಿಯೊಬ್ಬಳು, ವಯಸ್ಸಾದ ಸಲಹೆಗಾರ ವಾಲ್ಸಿಂಗ್‌ಹ್ಯಾಮ್ ಬಂದು ಅವಳನ್ನು ತಿದ್ದಿದ ಅನ್ನುವ ಹಾಗೆ ತೋರಿಸುತ್ತಾರೆ. ನಿಜದಲ್ಲಿ ಅವನು ಹೆಚ್ಚುಕಡಿಮೆ ಅವಳ ಓರಗೆಯವನು. ಕಾರ್ಯದರ್ಶಿಯಾದದ್ದೇ 1573ರಲ್ಲಿ. ಮೊದಲ ದಿನಗಳಿಂದ ಜೊತೆಗಿದ್ದ ಮಂತ್ರಿ ವಿಲಿಯಂ ಸೆಸಿಲ್. ಅವನಿಗೆ ಆಗ 38 ವರ್ಷ. ಸಿನಿಮಾದಲ್ಲಿ ಅವನನ್ನು ಮುದುಕನನ್ನಾಗಿ ಮಾಡಿ ಮನೆಗೆ ಕಳಿಸಿಬಿಡುತ್ತಾರೆ. ಅವನು 1598ರಲ್ಲಿ ಸಾಯುವವರೆಗೂ, 40 ವರ್ಷ, ಅವಳ ಕೆಲಸದಲ್ಲೇ ಇದ್ದ.

ಇನ್ನು ಆ ಹುಡುಗಿ. ಅವಳಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ಆನ್ ಬೊಲಿನ್‌ಳ ತಲೆ ಕಡಿಸಿದವನು ಸ್ವಂತ ಅಪ್ಪ. ಹದಿನೈದನೇ ವಯಸ್ಸಿನಲ್ಲಿ, 1549ರಲ್ಲಿ, ಅವಳನ್ನು ಗುಟ್ಟಾಗಿ ಮದುವೆಯಾಗಲು ಸಂಚು ಮಾಡಿದ ಅನ್ನುವ ಆರೋಪ ಹೊತ್ತ ಥಾಮಸ್ ಸೀಮೋರ್‌ನ ಪ್ರಕರಣದಲ್ಲಿ ಅವಳನ್ನು ದಿನಗಟ್ಟಲೆ ವಿಚಾರಣೆ ಮಾಡಿದರು. ಸಾಕಿದ ಕ್ಯಾಟ್ ಆಶ್ಲಿಯನ್ನು ಟವರ್‌ಗೆ, ಅಂದರೆ ಲಂಡನ್ನಿನ ಕೋಟೆಯ ಸೆರೆಮನೆಗೆ, ಹಾಕಿದರು. (ಸಿನಿಮಾದಲ್ಲಿ ಕ್ಯಾಟ್ ಅವಳ ವಯಸ್ಸಿನ ಗೆಳತಿ, ನಿಜದಲ್ಲಿ ತಾಯಿಯ ಜಾಗದಲ್ಲಿದ್ದವಳು.) ಹುಡುಗಿ ಬಾಯಿ ಬಿಡಲಿಲ್ಲ. ನಾನು ಬಸುರಿ ಅಂತ ಸುದ್ದಿ ಹಬ್ಬಿಸುತ್ತಿದ್ದಾರೆ, ಅರಮನೆಗೆ ಕರೆಸಿ, ನಾನು ಹೇಗಿದ್ದೇನೋ ಎಲ್ಲರೂ ನೋಡಲಿ ಅಂತ ರಾಜ್ಯ ನಡೆಸುತ್ತಿದ್ದವನಿಗೇ ಕಾಗದ ಬರೆದಳು. ಹದಿನೈದು ವರ್ಷದ ಹುಡುಗಿ!

1554ರ ಮಾರ್ಚ್‌ನಲ್ಲಿ, ಆಗ ರಾಣಿಯಾಗಿದ್ದ ಅಕ್ಕ ಮೇರಿ ಅವಳನ್ನು ಟವರ್‌ಗೆ ಕಳಿಸಿದಾಗಿನ ಕಥೆ ಇನ್ನೂ ಚೆನ್ನಾಗಿದೆ. ಕರೆದೊಯ್ಯಲು ಬಂದವರನ್ನು, ಅಕ್ಕನಿಗೊಂದು ಪತ್ರ ಬರೆದುಕೊಡುತ್ತೇನೆ ಅಂತ ಕೂರಿಸಿದಳು. ಬರೆಯುತ್ತಾ ಬರೆಯುತ್ತಾ ಥೇಮ್ಸ್ ನದಿಯ ಉಬ್ಬರದ ಹೊತ್ತು ಮೀರಿತು. ದೋಣಿ ಸೇತುವೆ ದಾಟುವ ಹಾಗಿಲ್ಲ. ಒಂದು ದಿನ ಸಿಕ್ಕಿತು. ಆ ಪತ್ರ ಈಗಲೂ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದರ ಫೋಟೋ ಒಮ್ಮೆ ನೋಡಿ. ಬರವಣಿಗೆ ಮುಗಿದ ಮೇಲೆ ಹಾಳೆಯಲ್ಲಿ ಖಾಲಿ ಜಾಗ ಉಳಿದಿದೆ. ಆ ಜಾಗಕ್ಕೆಲ್ಲ ಓರೆ ಗೆರೆ ಎಳೆದಿದ್ದಾಳೆ. ತನ್ನ ಹೆಸರಿನ ಮೇಲೆ ಬೇರೆ ಯಾರೂ ಒಂದು ಸಾಲನ್ನೂ ಸೇರಿಸಬಾರದು ಅಂತ. ಜೀವ ಹೋಗುವ ಭಯದಲ್ಲಿ ಕೂತು ಅಷ್ಟನ್ನು ಯೋಚಿಸಿದವಳು. ಅವಳಿಗೆ ಆಗ 20 ವರ್ಷ.

ಆ ಗೆರೆಗಳು ಸಿನಿಮಾದಲ್ಲಿ ಇರಬೇಕಿತ್ತು.

ಉತ್ತರ 2

ಮೇಲೆ ಬರೆದದ್ದು ಇತಿಹಾಸದ ಮಟ್ಟಿಗೆ ಸರಿ. ಆದರೆ ಆ ಕತ್ತರಿ ಸುಮ್ನೆ ಬಂದದ್ದಲ್ಲ. ಸಿನಿಮಾದ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಕ್ಯಾಥಲಿಕ್ ಆದ ಮೇರಿ ರಾಣಿಯ ಕಾಲ. ಪ್ರಾಟೆಸ್ಟಂಟರನ್ನು ಸುಡುವ ಮೊದಲು ತಲೆ ಬೋಳಿಸುತ್ತಿದ್ದಾರೆ. ಒರಟು ಕೈ, ನೆತ್ತಿಯಿಂದ ರಕ್ತ. ಕೂದಲು ಹೋಗುವುದರಿಂದ ಶುರುವಾದ ಸಿನಿಮಾ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊದಲು ಬೇರೆಯವರು ಹಿಡಿದು ಕತ್ತರಿಸಿದ್ದು, ಕೊನೆಗೆ ಅವಳೇ ಹೇಳಿ ಕತ್ತರಿಸಿಕೊಂಡಿದ್ದು. ನಿಮಗಾದ ಸಂಕಟ ನಿರ್ದೇಶಕರಿಗೆ ಬೇಕಾಗಿದ್ದದ್ದೇ ಅನಿಸುತ್ತದೆ.

ಅದಕ್ಕೆ ಸ್ವಲ್ಪ ಮೊದಲು ಯೇಸುವಿನ ತಾಯಿ ಕನ್ಯೆ ಮೇರಿಯ ಮೂರ್ತಿಯ ಮುಂದೆ ಅವಳು, ವಾಲ್ಸಿಂಗ್‌ಹ್ಯಾಮ್ ಇಬ್ಬರೇ ಇರುವ ದೃಶ್ಯವಿದೆ. ಹಳೆಯ ಕ್ಯಾಥಲಿಕ್ ಧರ್ಮದ ಜೊತೆ ಜನ ಆ ತಾಯಿಯನ್ನೂ ಕಳೆದುಕೊಂಡಿದ್ದಾರೆ, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ ಅನ್ನುತ್ತಾನೆ. ನಾನು ಕಲ್ಲಾಗಬೇಕಾ ಅಂತ ಅವಳು ಕೇಳುತ್ತಾಳೆ. ವಾಲ್ಸಿಂಗ್‌ಹ್ಯಾಮ್ ಆಗಿರುವ ಜೆಫ್ರಿ ರಶ್ ಹೌದು ಅನ್ನುವ ರೀತಿ ನೋಡಿ, ಅಯ್ಯೋ ಅನಿಸುತ್ತದೆ. ಅಲ್ಲಿಂದಲೇ ಆ ಬಿಳಿ ಮುಖ ಬಂದದ್ದು. ಅವಳು ಮೂರ್ತಿಯಾಗುತ್ತಿದ್ದಾಳೆ. ಆ ವರ್ಷ ಏಳು ಆಸ್ಕರ್ ನಾಮನಿರ್ದೇಶನದಲ್ಲಿ ಗೆದ್ದದ್ದು ಮೇಕಪ್ಪಿಗೆ ಮಾತ್ರ. ಬ್ಲಾಂಚೆಟ್‌ಗೆ ಸಿಗಲಿಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಉತ್ತರ 1ಕ್ಕೆ ಒಂದು ಮಾತು. ಅವಳನ್ನು ಏನೂ ಬಾರದವಳು ಅಂತ ತೋರಿಸಿಲ್ಲ. ಬಿಷಪ್‌ಗಳ ಎದುರು ಮಾತಾಡುವ ಮೊದಲು ಒಬ್ಬಳೇ ಅಭ್ಯಾಸ ಮಾಡುತ್ತಾಳಲ್ಲ, ಸಾಲು ತಪ್ಪಿ, ತನ್ನ ಮೇಲೇ ರೇಗಿ, ಮತ್ತೆ ಮೊದಲಿಂದ ಶುರು ಮಾಡಿ? ಸಭೆಯಲ್ಲಿ ಅವರನ್ನು ನಗಿಸಿ ಗೆಲ್ಲುತ್ತಾಳೆ. ಅಲ್ಲಿ ಚರ್ಚೆಯಾಗುವುದು ದೇಶಕ್ಕೆಲ್ಲ ಒಂದೇ ರೀತಿಯ ಪ್ರಾರ್ಥನೆ ತರುವ ಕಾನೂನು. 1559ರ ಆ ಕಾನೂನು ಪ್ರಭುಗಳ ಸಭೆಯಲ್ಲಿ ನಿಜವಾಗಿಯೂ ಮೂರೇ ಮತಗಳ ಅಂತರದಲ್ಲಿ ಪಾಸಾದದ್ದು.

ಉತ್ತರ 1, ಮತ್ತೊಮ್ಮೆ

ಆ ಅಭ್ಯಾಸದ ದೃಶ್ಯ ನನಗೂ ತುಂಬಾ ಇಷ್ಟ, ಒಪ್ಪಿದೆ. ಮೊದಲ ದೃಶ್ಯದ ಕತ್ತರಿ ನನಗೆ ಹೊಳೆದೇ ಇರಲಿಲ್ಲ.

ಅಕ್ಕ, ಕೂದಲಿನ ಬಗ್ಗೆ ಇನ್ನೊಂದು ಹೇಳಬೇಕಿತ್ತು. 1559ರ ಜನವರಿ 15ರಂದು ಪಟ್ಟವಾದಾಗ ಅವಳು ಕೂದಲು ಬಿಟ್ಟುಕೊಂಡೇ ಹೋದಳು. ಮದುವೆಯಾಗದ ಹುಡುಗಿಯ ಗುರುತು ಅದು. ಆ ದಿನದ ರೂಪದ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಈಗಿರುವುದು ಸುಮಾರು 1600ರಲ್ಲಿ ಮಾಡಿದ ಪ್ರತಿ, ಮೂಲ ಚಿತ್ರ ಕಳೆದುಹೋಗಿದೆ. ಮೈಮೇಲಿರುವ ಚಿನ್ನದ ಉಡುಪು ಹೊಸದಲ್ಲ. ಮೇರಿ ತನ್ನ ಪಟ್ಟಕ್ಕೆ ಹೊಲಿಸಿದ್ದು. ಮೇಲಿನ ಭಾಗ ಮಾತ್ರ ಇವಳ ಅಳತೆಗೆ ಹೊಸದಾಗಿ ಮಾಡಿಸಿದರು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡೂ ಚಿತ್ರ ಹುಡುಕಿ ನೋಡಿದೆ. ಪತ್ರದ ಓರೆ ಗೆರೆಗಳು ಒಂದೇ ಸಮನಾಗಿಲ್ಲ, ಕೈ ಬೇಗ ಬೇಗ ಓಡಿದೆ. ಪಟ್ಟದ ಚಿತ್ರದಲ್ಲಿ ಕೂದಲು ಎರಡೂ ಭುಜದ ಮೇಲೆ ಇಳಿಬಿದ್ದಿದೆ. ತನ್ನನ್ನು ಟವರ್‌ಗೆ ಕಳಿಸಿದ ಅಕ್ಕನ ಬಟ್ಟೆಯಲ್ಲಿ ನಿಂತಿದ್ದಾಳೆ ಅಂತ ಗೊತ್ತಾದ ಮೇಲೆ ಆ ಮುಖವನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಇವತ್ತು ರಾತ್ರಿ ಸಿನಿಮಾವನ್ನು ಮೊದಲ ದೃಶ್ಯದಿಂದ ಮತ್ತೆ ಹಾಕುತ್ತೇನೆ.