ಮಗನ್ನ ಫುಟ್‌ಬಾಲ್ ಕ್ಲಬ್ ಅಕಾಡೆಮಿಗೆ ಕಳಸೂದೋ ಬ್ಯಾಡೋ? ಅನುಭವ ಇದ್ದವ್ರು ಹೇಳ್ರಿ

ಬೆಟಗೇರಿ ಅವ್ವ:
ನಮ್ಮ ಮಗಗ 13 ವರ್ಷ, ಎಂಟನೇತ್ತ, ಗೋಲ್‌ಕೀಪರ್. ಹೊರರಾಜ್ಯದ ಒಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬಿನ ಟ್ರಯಲ್ಸ್‌ನಾಗ ಆರಿಸ್ಯಾರ. ಹಾಸ್ಟೆಲ್ ಅಲ್ಲೇ, ವರ್ಷಕ್ಕ 2 ಲಕ್ಷ 60 ಸಾವಿರ. ನಮ್ಮನಿಯವ್ರದು ನೇಕಾರಕಿ, ಅಷ್ಟೂ ಸಾಲಾನ ಮಾಡಬೇಕು. ಈ ತಿಂಗಳ ಕೊನಿಗೆ ಹೂಂ ಇಲ್ಲಾ ಉಹೂಂ ಅನ್ನಬೇಕಂತ. ಸಾಲಿ ಟಿ.ಸಿ. ತಗೀಬೇಕಾಗತೈತೇನು? ಕಳಿಸಿದವ್ರು ದಯವಿಟ್ಟು ಹೇಳ್ರಿ.

ಕೇಶ್ವಾಪುರ ಅಪ್ಪ:
ಅಕ್ಕಾರ, ಫೀ ಒಂದ ಹಿಡದು ಲೆಕ್ಕ ಹಾಕಬ್ಯಾಡ್ರಿ. ನಮ್ಮವ ಏಳನೇತ್ತ ಮುಗಿಸಿ ಹೋದಾವ, ಎಸ್‌ಎಸ್‌ಎಲ್‌ಸಿ ಹೊತ್ತಿಗೆ ತಿರುಗಿ ಬಂದ. ಕಿಟ್ 14,500. ನಮ್ಮ ರೈಲ್ವೆ ಮೈದಾನದ ಮಣ್ಣಾಗ 1,200 ರೂಪಾಯಿ ಸ್ಟಡ್ಸ್ ಬೂಟು ನಡೀತಿದ್ವು. ಅಲ್ಲಿ ಹುಲ್ಲಿಗೊಂದು ಜೋಡಿ 5,800, ಟರ್ಫ್‌ಗೊಂದು (ಪ್ಲಾಸ್ಟಿಕ್ ಹುಲ್ಲಿನ ಮೈದಾನಕ್ಕ) ಜೋಡಿ 4,900. ಬೆಳಿಯೂ ಕಾಲು, ವರ್ಷ ತುಂಬೂದ್ರಾಗ ಎರಡೂ ಬಿಗಿ. ಹೊರಗಿನ ಟೂರ್ನಮೆಂಟಿನ ಖರ್ಚು ಬ್ಯಾರೆ, ಫಿಸಿಯೋ ಬ್ಯಾರೆ, ದೀಪಾವಳಿಗೆ ಕರಕೊಂಡು ಬರೂ ತತ್ಕಾಲ್ ಟಿಕೆಟ್ ಬ್ಯಾರೆ.

14ರಾಗ ಒಮ್ಮಿಂದೊಮ್ಮೆಲೆ ಎತ್ತರಾದ. ಮೊಣಕಾಲ ಚಿಪ್ಪಿನ ಕೆಳಗ ಗಂಟು ಎದ್ದು, ಮುಟ್ಟಿದ್ರ ಚೀರತಿದ್ದ. ಅಲ್ಲಿಯವ್ರು ನೆವ ಮಾಡ್ತಾನ ಅಂದ್ರು. ಇಲ್ಲಿ ಎಲುವಿನ ಡಾಕ್ಟ್ರು ಆಸ್ಗುಡ್-ಶ್ಲಾಟರ್ ಅಂತ ಹೇಳಿದ್ರು. ಬೆಳಿಯೂ ವಯಸ್ಸಿನಾಗ ತೊಡಿ ಸ್ನಾಯು ಎಲುವನ್ನ ಜಗ್ಗಿ ಜಗ್ಗಿ ಬರೂದಂತ, ಓಡೂದು ಜಿಗಿಯೂದು ಕಡಿಮಿ ಮಾಡಿದ್ರ ಇಳೀತೈತಂತ. ಕಡಿಮಿ ಮಾಡಿದ್ವಿ. ಅಷ್ಟ್ರಾಗ ಅವನ ಜಾಗಾಕ ಬ್ಯಾರೆ ಹುಡುಗ ಬಂದ. ಸೀಸನ್ ಮುಗಿದ ಮ್ಯಾಲ ವಾಟ್ಸಾಪ್‌ನಾಗ ಒಂದು ಪಿಡಿಎಫ್: ‘ಮುಂದುವರಿಸುತ್ತಿಲ್ಲ.’ ಕೋಚ್ ಒಂದ್ ಫೋನೂ ಮಾಡಲಿಲ್ಲ. ಡಿಪಾಸಿಟ್ 40,000 ಇನ್ನೂ ಅವ್ರ ಕಡೇನ ಐತಿ.

ಆದ್ರೂ ಕಳಿಸಿದ್ದು ಸರಿ ಅಂತೀನಿ. ಅವ ಈಗ ಬಾಲ್ ಹಿಡಿದು ಆಡೂ ರೀತಿ ನಮ್ಮ ಊರಾಗ ಯಾರೂ ಕಲಿಸ್ತಿರಲಿಲ್ಲ.

ಧಾರವಾಡ ಸಪ್ತಾಪುರ:
ರೊಕ್ಕದ ಮಾತು ಆಮೇಲೆ. ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡ್ರಿ. ನಮ್ಮ ಮಗನದರಲ್ಲಿ ಅಜ್ಜನ ಹೆಸರು ನಡುವೆ, ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್. ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಸಿಆರ್‌ಎಸ್ ಅಂತ ಆಟಗಾರರ ಆನ್‌ಲೈನ್ ನೋಂದಣಿ ಅಲ್ಲಿಗೇ ನಿಂತಿತು. ಅಫಿಡವಿಟ್, ನೋಟರಿ, ಪಾಲಿಕೆ ಕಚೇರಿ ಅಂತ ಅಲೆದು ಸರಿಮಾಡಿಸುವಷ್ಟರಲ್ಲಿ ಲೀಗಿನ ಅರ್ಧ ಪಂದ್ಯ ಮುಗಿದಿದ್ದವು. ಅದರ ಮೇಲೆ ಟಿಡಬ್ಲ್ಯೂ3 ಪರೀಕ್ಷೆ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಅಳೆಯುತ್ತಾರೆ. ನಮ್ಮವನದು ಖರೆ ವಯಸ್ಸೇ ಆಗಿತ್ತು, ಹೆತ್ತವಳು ನಾನು. ಮೂಳೆ ಬೇಗ ಬೆಳೆದಿದ್ದಕ್ಕೆ ಆ ವಯಸ್ಸಿನ ತಂಡದಿಂದ ಹೊರಗೆ ಹಾಕಿದರು. ‘ಸರ್ಟಿಫಿಕೇಟ್ ಮಾಡಿಸಿದ್ರೇನ್ರಿ’ ಅಂತ ಬೇರೆ ಪಾಲಕರು ಮುಖದ ಮೇಲೇ ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮುಳಗುಂದ ನಾಕಾ:
ಇಷ್ಟೆಲ್ಲಾ ಯಾಕ ಬೇಕ್ರಿ? ನನ್ನ ಮಗನ್ನ ಕೇಳಿದ್ರು, ನಾ ಕಳಿಸಲಿಲ್ಲ. ಗದಗದಾಗ ಆಡಿ, ಕಾಲೇಜಿನಾಗ ಆಡಿ, ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕ ಬಂದ. ಡಿಗ್ರಿ ಕೈಯಾಗ ಐತಿ. ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಸುನಿಲ್ ಛೆಟ್ರಿ ಯಾವ ಕ್ಲಬ್ಬಿನ ಹಾಸ್ಟೆಲ್‌ನಾಗ ಬೆಳದ? ದಿಲ್ಲಿಯಾಗ ಆಡಿಕೋತ ಇದ್ದಾವ, 2002ರಾಗ ಸೀದಾ ಕೋಲ್ಕತ್ತಾದ ಮೋಹನ್ ಬಗಾನ್ ಕ್ಲಬ್ಬಿಗೆ ಹೋದ. 13 ವರ್ಷದ ಕೂಸು ಮನ್ಯಾಗ ರೊಟ್ಟಿ ತಿಂದು ಮಲಗಬೇಕು.

ಕೇಶ್ವಾಪುರ ಅಪ್ಪ:
2002ರ ಲೆಕ್ಕ ಈಗ ಹಚ್ಚಬ್ಯಾಡ್ರಿ ಅಣ್ಣಾರ. 2017ರ ಅಂಡರ್-17 ವಿಶ್ವಕಪ್‌ನಾಗ ಕೊಲಂಬಿಯಾ ಮ್ಯಾಲ ಜೀಕ್ಸನ್ ಸಿಂಗ್ ಕಾರ್ನರ್‌ಗೆ ತಲಿ ಕೊಟ್ಟು ಗೋಲ್ ಹೊಡದ. ಫಿಫಾ ವಿಶ್ವಕಪ್ಪಿನಾಗ ಭಾರತದ ಮೊದಲನೇ ಗೋಲು. ಮಣಿಪುರ ಬಿಟ್ಟು ಸಣ್ಣಾವ ಇದ್ದಾಗ ಚಂಡೀಗಢದ ಅಕಾಡೆಮಿಗೆ ಹೋದ ಹುಡುಗ ಅವ. ಮನ್ಯಾಗ ರೊಟ್ಟಿ ತಿನಕೋತ ಕುಂತಿದ್ರ ಆಗತಿತ್ತೇನು?

ಮುಳಗುಂದ ನಾಕಾ:
ಅವ ಒಬ್ಬ. ಹೋಗಿ ಬಂದು ಈಗ ಮೊಬೈಲ್ ಅಂಗಡ್ಯಾಗ ಕುಂತ ಹುಡುಗ್ರು ನಮ್ಮ ಓಣ್ಯಾಗ ಅದಾರ, ಅವ್ರ ಹೆಸರು ಯಾರೂ ಬರಿಯಂಗಿಲ್ಲ.

ಹಾವೇರಿ ಕೋಚ್:
ಅವ್ವಾರ, ನಾ ಹುಡುಗ್ರಿಗೆ ಕಲಿಸಾವ. ಸೀದಾ ಹೇಳ್ತೀನಿ: ಕ್ಲಬ್ಬಿಗೆ ಖರೇನ ಬೇಕಾದ ಹುಡುಗನ ಹತ್ರ ರೊಕ್ಕ ಕೇಳಂಗಿಲ್ಲ. ನವಿ ಮುಂಬೈದಾಗ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ಅಕಾಡೆಮಿ ನಡದಿದ್ದು ಪೂರ್ತಿ ಸ್ಕಾಲರ್‌ಶಿಪ್ ಮ್ಯಾಲ. ಜಮ್ಶೆಡ್‌ಪುರದಾಗ ಟಾಟಾ ಫುಟ್‌ಬಾಲ್ ಅಕಾಡೆಮಿ 1987ರಾಗ ಶುರುವಾತು, ಅಲ್ಲಿಂದ ಎಷ್ಟೋ ಮಂದಿ ಭಾರತ ತಂಡಕ್ಕ ಹೋದ್ರು. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿ ಮಾಡಿದ್ದು ನಮ್ಮ ಬಗಲಾಗ, ಬಳ್ಳಾರಿ ಜಿಲ್ಲೆ ವಿಜಯನಗರದ ಜಿಂದಾಲ್ ಕ್ರೀಡಾ ಸಂಸ್ಥೆಯೊಳಗ. ಫೀ ಕೇಳಿದ್ರಂದ್ರ ನೀವು ಗಿರಾಕಿ.

ಇನ್ನೊಂದು ಸಂಕಟ. ಕೆರಿ ದಂಡಿ ಮೈದಾನದಾಗ ಬರಿಗಾಲಿಂದ ಆಡೂ ಹುಡುಗಗ ಬೂಟ್ ಕೊಡ್ಸಿ ತಯಾರ ಮಾಡೂದು ನಾವು, ದೊಡ್ಡ ಕ್ಲಬ್ಬು ಒಂದ್ ಟ್ರಯಲ್ಸ್‌ನಾಗ ಎತ್ತಿಕೊಂಡು ಹೋಗತೈತಿ. ಫಿಫಾ ನಿಯಮದಾಗ 12ನೇ ವರ್ಷದಿಂದ ತಯಾರ ಮಾಡಿದ ಕ್ಲಬ್ಬಿಗೆ ತರಬೇತಿ ಪರಿಹಾರ ಅಂತ ಐತಿ. ಆದ್ರ ಹುಡುಗನ ಹೆಸರು ನಮ್ಮ ಕ್ಲಬ್ಬಿನಡಿ ನೋಂದಣಿ ಆಗಿದ್ರಷ್ಟ. ‘ಯಾಕ ಬೇಕ್ ಸರ್ ಅದು’ ಅಂತ ಪಾಲಕರು ಸಹಿ ಮಾಡಂಗಿಲ್ಲ.

ಕೇಶ್ವಾಪುರ ಅಪ್ಪ:
ಗಿರಾಕಿ ಅಂದ್ರೇನ್ ಸರ್? ಮಗನ ಸಲುವಾಗಿ ಹೊಟ್ಟಿ ಕಟ್ಟಿ ಫೀ ತುಂಬೀನಿ. ಫುಕಟ್ ಸೀಟು ಅಷ್ಟ ಇರತಾವ, ದೇಶದ ತುಂಬಾ ಹುಡುಗ್ರು. ಸಿಗದವ್ರು ಆಡೂದ ಬಿಡಬೇಕೇನು? ನೀವೂ ತಿಂಗಳಾ ಫೀ ತಗೊಂಡ ಕಲಿಸ್ತೀರಿ.

ಹಾವೇರಿ ಕೋಚ್:
300 ರೂಪಾಯಿ ತಗೋತೀನಿ. ಅದರಾಗ ಬಾಲ್, ಕೋನ್, ಸುಣ್ಣ ಎಲ್ಲಾ ಬರಬೇಕು. ಕೊಡಲಾರದವ್ರನ್ನ ಹೊರಗ ಹಾಕಿಲ್ಲ.

ಧಾರವಾಡ ಸಪ್ತಾಪುರ:
ಊಟದ ವಿಷಯ ಯಾರೂ ಹೇಳಲಿಲ್ಲ. ನಮ್ಮದು ಶಾಕಾಹಾರಿ ಮನೆ. ಅಲ್ಲಿ ಬೆಳಿಗ್ಗೆ ಮೊಟ್ಟೆ, ರಾತ್ರಿ ಚಿಕನ್. ಬೇಡ ಅಂದವರಿಗೆ ನೀರಿನಂಥ ಬೇಳೆ. ಪನೀರ್, ಕಾಳು ಕೇಳಿ ಪತ್ರ ಬರೆದೆ, ಉತ್ತರ ಬರಲಿಲ್ಲ. ಮಗ ನಾಲ್ಕು ಕೆಜಿ ಇಳಿದ.

ಮುಳಗುಂದ ನಾಕಾ:
ಆಡೂ ಹುಡುಗ ತತ್ತಿ ತಿನ್ನಲಿ ಬಿಡ್ರಿ ಅಕ್ಕಾರ.

ಧಾರವಾಡ ಸಪ್ತಾಪುರ:
ನನ್ನ ಮಗ ಏನು ತಿನ್ನಬೇಕು ಅಂತ ನಿಮ್ಮನ್ನ ಕೇಳಿಲ್ಲ. ಊಟದ ರೊಕ್ಕ ಎಣಿಸಿ ತಗೊಂಡವರು ಎಲ್ಲರಿಗೂ ಹೊಟ್ಟೆ ತುಂಬ ಹಾಕಬೇಕು.

ಹಳೇ ಲೆಫ್ಟ್‌ಬ್ಯಾಕ್, ಹುಬ್ಬಳ್ಳಿ:
ಊರಾಗ ಮೈದಾನ ಛಲೋ ಇದ್ರ ಯಾರೂ ದೂರ ಕಳಸ್ತಿರಲಿಲ್ಲ. ನೆಹರೂ ಮೈದಾನದಾಗ ರಾಜಕೀಯ ಸಭಾ ಆದ್ರ ಮರುದಿನ ಪೆಂಡಾಲಿನ ಮೊಳಿ ಆರಿಸಿ, ತೆಗ್ಗು ಮುಚ್ಚಿ ಆಡಬೇಕು. ಕ್ರಿಕೆಟ್‌ಗೆ ರಾಜನಗರದಾಗ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಸ್ಟೇಡಿಯಂ ಆತು. ನಮಗೇನಾತು?

ಮುಳಗುಂದ ನಾಕಾ:
ಹುಬ್ಬಳ್ಳಿಯವ್ರಿಗೆ ಸಿಕ್ಕಷ್ಟೂ ಸಾಲದು. ಗದಗದ ಹುಡುಗ್ರು ಏನಿಲ್ಲದ ಆಡ್ಯಾರ.

ಹಳೇ ಲೆಫ್ಟ್‌ಬ್ಯಾಕ್, ಹುಬ್ಬಳ್ಳಿ:
ಅದಕ್ಕ ಡಿಗ್ರಿ ತೋರಿಸಾಕತ್ತೀರಿ, ಕಪ್ ಅಲ್ಲ.

ಬೆಟಗೇರಿ ಅವ್ವ:
ಜಗಳಾ ಬ್ಯಾಡ್ರಿ. ಟಿ.ಸಿ. ವಿಷಯ ಯಾರರ ಹೇಳ್ರಿ.

ಧಾರವಾಡ ಸಪ್ತಾಪುರ:
ಅಲ್ಲಿ ಯಾವ ಶಾಲೆಗೆ ಸೇರಿಸ್ತಾರೆ ಅಂತ ಬರವಣಿಗೆಯಲ್ಲಿ ಬಂದ ಮೇಲಷ್ಟೇ ಟಿ.ಸಿ. ತೆಗೀರಿ. ನಮ್ಮವನು ವಾಪಸ್ ಬಂದಾಗ ಇಲ್ಲಿ ಸೀಟು ಸಿಗದೆ ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಹತ್ತನೇತ್ತ ಬರೆದ.

ಕೇಶ್ವಾಪುರ ಅಪ್ಪ:
ಡಿಪಾಸಿಟ್ ಯಾವಾಗ ವಾಪಸ್ ಕೊಡ್ತಾರ, ಗಾಯ ಆದ್ರ ಖರ್ಚು ಯಾರದು, ಈ ಎರಡೂ ಕಾಗದದ ಮ್ಯಾಲ ಇಲ್ದಿದ್ರ ಸಹಿ ಮಾಡಬ್ಯಾಡ್ರಿ ಅಕ್ಕಾರ. ಮತ್ತ ಕೋಚ್ ಸರ್, ಗಿರಾಕಿ ಅಂದ ಮಾತು ತಿರುಗಿ ತಗೋರಿ.

ಹಾವೇರಿ ಕೋಚ್:
ನಿಮಗಂದಿದ್ದಲ್ಲ, ಫೀ ಕೇಳೂ ಕ್ಲಬ್ಬಿನವ್ರಿಗೆ ಅಂದಿದ್ದು. ತಿರುಗಿ ತಗೊಳ್ಳಂಗಿಲ್ಲ. ಅವ್ವಾರ, ರವಿವಾರ ಮುಂಜಾನೆ ಹುಡುಗನ್ನ ಕರಕೊಂಡು ಹಾವೇರಿಗೆ ಬರ್ರಿ, ಕೀಪಿಂಗ್ ನೋಡ್ತೀನಿ. ಸಾಲಾ ಮಾಡೂ ಮೊದಲ ಬರ್ರಿ.